ತಂತಿಯೋ, ಟ್ಯಾಂಕೋ?

2015ರ ನವೆಂಬರ್ ತಿಂಗಳು. ನಮ್ಮ ರೈಲ್ವೆ ಸಚಿವಾಲಯ ಬಿಹಾರದ ಎರಡು ಊರುಗಳಿಗೆ ಎರಡು ದೊಡ್ಡ ಕಾರ್ಖಾನೆ ಮಂಜೂರು ಮಾಡಿ, ವಿದೇಶಿ ಕಂಪನಿಗಳ ಜೊತೆ ಕರಾರು ಮುಗಿಸಿತು. ಮಧೇಪುರದಲ್ಲಿ ಫ್ರಾನ್ಸಿನ ಅಲ್‌ಸ್ಟಾಮ್ ಕಂಪನಿ 12,000 ಅಶ್ವಶಕ್ತಿಯ 800 ವಿದ್ಯುತ್ ಎಂಜಿನ್ ಕಟ್ಟಿಕೊಡಬೇಕು. ಮರ್ಹೌರಾದಲ್ಲಿ ಅಮೆರಿಕದ ಜಿಇ ಕಂಪನಿ 1,000 ಡೀಸೆಲ್ ಎಂಜಿನ್ ಕಟ್ಟಿಕೊಡಬೇಕು, 700 ಎಂಜಿನ್ 4,500 ಅಶ್ವಶಕ್ತಿಯವು, 300 ಎಂಜಿನ್ 6,000 ಅಶ್ವಶಕ್ತಿಯವು. ತಿಂಗಳು ಒಂದೇ, ರಾಜ್ಯ ಒಂದೇ, ಸಹಿ ಹಾಕಿದ ಸರ್ಕಾರವೂ ಒಂದೇ. ಆದರೆ ಒಂದು ಕೈ ತಂತಿ ಕಡೆ, ಇನ್ನೊಂದು ಕೈ ಟ್ಯಾಂಕ್ ಕಡೆ.

ಎರಡೇ ವರ್ಷ. 2017ರ ಸೆಪ್ಟೆಂಬರಿನಲ್ಲಿ ಸುರೇಶ್ ಪ್ರಭು ಹೋಗಿ ಪಿಯೂಷ್ ಗೋಯಲ್ ರೈಲ್ವೆ ಮಂತ್ರಿ ಆದರು. ಇನ್ಮೇಲೆ ಎಲ್ಲಾ ಮಾರ್ಗಕ್ಕೂ ತಂತಿ ಅನ್ನೋ ಮಾತು ಶುರುವಾಯ್ತು. ಹಾಗಾದ್ರೆ ಆ ಸಾವಿರ ಡೀಸೆಲ್ ಎಂಜಿನ್ ಎಲ್ಲಿ ಓಡ್ಬೇಕು? ಕರಾರು ರದ್ದಾಗುತ್ತೆ ಅನ್ನೋ ಸುದ್ದಿ ಪತ್ರಿಕೆಗಳಲ್ಲಿ ಬಂತು. ಕೊನೆಗೆ ರದ್ದಾಗಲಿಲ್ಲ. ಕಾರ್ಖಾನೆ ನಡೀತು, ಎಂಜಿನ್ನೂ ಬಂದವು. ಅತ್ತ ತಂತಿಯೂ ಬಂತು.

ನಾನು ಕೆಲಸ ಮಾಡೋ ಕ್ಷೇತ್ರದಲ್ಲಿ ಇಂಥದ್ದನ್ನ ದಿನಾ ನೋಡ್ತೀವಿ. ಹಳೇ ಸಿಸ್ಟಮ್‌ಗೆ ಐದು ವರ್ಷದ ಲೈಸೆನ್ಸ್ ನವೀಕರಣ, ಅದೇ ವಾರ ಹೊಸ ಸಿಸ್ಟಮ್‌ಗೆ ಬಜೆಟ್. ಆದ್ರೆ ಸಾಫ್ಟ್‌ವೇರನ್ನ ಅಳಿಸಬಹುದು. ಒಂದು ರೈಲು ಎಂಜಿನ್ ಮೂವತ್ತು-ಮೂವತ್ತೈದು ವರ್ಷ ಬಾಳುತ್ತೆ. ಹಾಗಾಗಿ ಈ ಗೊಂದಲ ಹುಟ್ಟಿದ್ದು ಎಲ್ಲಿ ಅಂತ ಹಿಂದಕ್ಕೆ ಹೋಗಿ ನೋಡೋಣ ಅನ್ನಿಸಿತು. ಹೋದಷ್ಟೂ ಒಂದು ವಿಷಯ ಗೊತ್ತಾಯ್ತು. ಇದು 2015ರ ಗೊಂದಲವೇ ಅಲ್ಲ, ಸುಮಾರು ಅರವತ್ತು ವರ್ಷದ್ದು.

ಡೀಸೆಲ್ ಎಂಜಿನ್ನೂ ವಿದ್ಯುತ್ ಎಂಜಿನ್ನೇ

ಮೊದಲು ಒಂದು ತಾಂತ್ರಿಕ ಮಾತು. ಇದು ಗೊತ್ತಿಲ್ಲದೆ ಮುಂದಿನ ಕಥೆ ಅರ್ಥ ಆಗೋದಿಲ್ಲ. ನಾವು ಡೀಸೆಲ್ ಎಂಜಿನ್ ಅಂತ ಕರೆಯೋ ದೊಡ್ಡ ಗಾಡಿಯಲ್ಲಿ ಡೀಸೆಲ್ ನೇರವಾಗಿ ಚಕ್ರ ತಿರುಗಿಸೋದಿಲ್ಲ. ಡೀಸೆಲ್ ಒಂದು ಜನರೇಟರ್ ತಿರುಗಿಸುತ್ತೆ, ಆ ವಿದ್ಯುತ್ತು ಚಕ್ರಗಳ ಪಕ್ಕದ ಮೋಟಾರುಗಳಿಗೆ ಹೋಗುತ್ತೆ, ಮೋಟಾರು ಚಕ್ರ ತಿರುಗಿಸುತ್ತೆ. ಅಂದ್ರೆ ಡೀಸೆಲ್ ಎಂಜಿನ್ ತನ್ನ ಪವರ್‌ಹೌಸನ್ನ ತಾನೇ ಹೊತ್ತುಕೊಂಡು ಓಡೋ ವಿದ್ಯುತ್ ಎಂಜಿನ್. ತಂತಿ ಕೆಳಗೆ ಓಡೋ ಎಂಜಿನ್ ಪವರ್‌ಹೌಸನ್ನ ಮನೇಲೇ ಬಿಟ್ಟು ಬಂದಿರುತ್ತೆ.

ವ್ಯತ್ಯಾಸ ಇಷ್ಟೇ, ಆದ್ರೆ ಸಣ್ಣದಲ್ಲ. ನಮ್ಮಲ್ಲಿ ದಶಕಗಟ್ಟಲೆ ಓಡಿದ ಡಬ್ಲ್ಯೂಡಿಎಂ-2 ಡೀಸೆಲ್ ಎಂಜಿನ್ ಸುಮಾರು 113 ಟನ್ ತೂಕ, 2,600 ಅಶ್ವಶಕ್ತಿ. ಇವತ್ತು ಎಕ್ಸ್‌ಪ್ರೆಸ್ ಗಾಡಿಗಳನ್ನ ಎಳೆಯೋ ಡಬ್ಲ್ಯೂಎಪಿ-7 ವಿದ್ಯುತ್ ಎಂಜಿನ್ 123 ಟನ್, ಶಕ್ತಿ 6,000ಕ್ಕೂ ಮೇಲೆ. ಪವರ್‌ಹೌಸ್ ಹೊರೋ ಕಷ್ಟ ತಪ್ಪಿದ್ರೆ ಎಷ್ಟು ಹಗುರ ಆಗುತ್ತೆ ನೋಡಿ. ಇಳಿಜಾರಲ್ಲಿ ಬ್ರೇಕ್ ಹಾಕಿದಾಗ ಹೊಸ ವಿದ್ಯುತ್ ಎಂಜಿನ್ನು ಮೋಟಾರನ್ನೇ ಜನರೇಟರ್ ಮಾಡಿ ವಿದ್ಯುತ್ತನ್ನ ತಂತಿಗೆ ವಾಪಸ್ ಕೊಡುತ್ತೆ. ಡೀಸೆಲ್ ಎಂಜಿನ್ನಿಗೆ ವಾಪಸ್ ಕೊಡೋಕೆ ಜಾಗವೇ ಇಲ್ಲ, ಆ ಶಕ್ತಿಯೆಲ್ಲಾ ಬಿಸಿಯಾಗಿ ಗಾಳಿಗೆ ಹೋಗುತ್ತೆ.

ಹಾಗಂತ ಲೆಕ್ಕ ಪೂರ್ತಿ ಒಂದೇ ಕಡೆ ಇಲ್ಲ. ತಂತಿ ಎಳೆಯೋಕೆ ಮೊದಲೇ ದುಡ್ಡು ಸುರೀಬೇಕು: ಕಂಬ, ತಾಮ್ರ, ಸಬ್‌ಸ್ಟೇಷನ್, ಎತ್ತರ ಮಾಡಬೇಕಾದ ಸೇತುವೆಗಳು, ಅಗಲ ಮಾಡಬೇಕಾದ ಸುರಂಗಗಳು. ಗಾಡಿ ಎಷ್ಟೇ ಕಮ್ಮಿ ಓಡಲಿ, ಈ ಖರ್ಚು ತಪ್ಪೋದಿಲ್ಲ. ಡೀಸೆಲ್ಲಿಗೆ ಹಳಿ ಇದ್ರೆ ಸಾಕು, ನಾಳೆ ಬೆಳಗ್ಗೆನೇ ಓಡಿಸಬಹುದು. ಗಾಡಿ ಓಡಾಟ ಜಾಸ್ತಿ ಇರೋ ಕಡೆ ತಂತಿ ಲಾಭ, ಕಮ್ಮಿ ಇರೋ ಕಡೆ ಡೀಸೆಲ್ ಲಾಭ. ಪ್ರಪಂಚದ ಎಷ್ಟೋ ರೈಲ್ವೆಗಳು ಸುಮಾರಾಗಿ ಇದೇ ಸೂತ್ರ ಹಿಡಿದು ನಡೆದವು.

ಬೊಂಬಾಯಿಯ ಕಂಬಗಳು

ಭಾರತದ ಮೊದಲ ವಿದ್ಯುತ್ ರೈಲು ಓಡಿದ್ದು 1925ರ ಫೆಬ್ರವರಿ 3ರಂದು, ಬೊಂಬಾಯಿಯ ವಿಕ್ಟೋರಿಯಾ ಟರ್ಮಿನಸ್‌ನಿಂದ ಕುರ್ಲಾಕ್ಕೆ. ಊರಿನ ಜನಸಂದಣಿ ಒಂದು ಕಾರಣ, ಘಟ್ಟ ಇನ್ನೊಂದು ಕಾರಣ. ಪುಣೆ ಮತ್ತು ಇಗತ್‌ಪುರಿ ಕಡೆ ಹತ್ತೋ ಭೋರ್ ಘಾಟ್, ಥಲ್ ಘಾಟ್‌ಗಳಲ್ಲಿ 37 ಅಡಿಗೆ ಒಂದು ಅಡಿ ಏರು. ಉಗಿ ಎಂಜಿನ್ನುಗಳು ಅಲ್ಲಿ ಏದುಸಿರು ಬಿಡ್ತಿದ್ದವು. 1929-30ರ ಹೊತ್ತಿಗೆ ಎರಡೂ ಘಟ್ಟಕ್ಕೆ ತಂತಿ ಬಂತು. 1931ರಲ್ಲಿ ಮದರಾಸಿನ ಬೀಚ್-ತಾಂಬರಂ ಮೀಟರ್‌ಗೇಜ್ ಮಾರ್ಗಕ್ಕೂ ಬಂತು. ಆಮೇಲೆ ಇಪ್ಪತ್ತೈದು ವರ್ಷ ಬಹುತೇಕ ಮೌನ. ದೇಶದಲ್ಲಿ ಕಲ್ಲಿದ್ದಲು ಅಗ್ಗ, ಉಗಿಬಂಡಿ ಸಾಕು ಅನ್ನೋ ಧೋರಣೆ.

ಇಲ್ಲಿ ನಮ್ಮ ಕಡೆಯ ಒಂದು ಮಾತು ಹೇಳ್ಲೇಬೇಕು. 1902ರಲ್ಲೇ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ತಂತಿ ಮೇಲೆ ಹೋಗ್ತಿತ್ತು. 1905ರಲ್ಲಿ ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂತು. ಆದ್ರೆ ಅದೇ ಕೋಲಾರ ಸೀಮೆಯ ಬಂಗಾರಪೇಟೆ ಮೇಲೆ ಹಾದು ಜೋಲಾರ್‌ಪೇಟೆಗೆ ಹೋಗೋ ರೈಲು ಹಳಿಯ ನೆತ್ತಿಗೆ ತಂತಿ ಬಂದಿದ್ದು 1990ರ ದಶಕದಲ್ಲಿ. ಗಣಿಗೆ ಹೋದ ವಿದ್ಯುತ್ತು ರೈಲಿಗೆ ಬರೋಕೆ ತೊಂಬತ್ತು ವರ್ಷ ಹಿಡೀತು.

ಬೊಂಬಾಯಿಯ ಹಳೇ ತಂತಿಯಲ್ಲಿದ್ದದ್ದು 1,500 ವೋಲ್ಟ್ ಡಿಸಿ. ವೋಲ್ಟೇಜ್ ಕಮ್ಮಿ, ಹಾಗಾಗಿ ಕರೆಂಟ್ ಜಾಸ್ತಿ ಹರೀಬೇಕು, ದಪ್ಪ ತಾಮ್ರ ಬೇಕು, ಕೆಲವೇ ಕಿಲೋಮೀಟರಿಗೊಂದು ಸಬ್‌ಸ್ಟೇಷನ್ ಬೇಕು. ದುಬಾರಿ. ಎರಡನೇ ಮಹಾಯುದ್ಧದ ನಂತರ ಫ್ರೆಂಚರು 25,000 ವೋಲ್ಟ್ ಎಸಿ ವ್ಯವಸ್ಥೆಯನ್ನ ಕೈಗೆ ಬರೋ ಹಾಗೆ ಮಾಡಿದ್ರು. ತಂತಿ ಸಣ್ಣ, ಸಬ್‌ಸ್ಟೇಷನ್ ದೂರದೂರ. 1957ರಲ್ಲಿ ನಮ್ಮ ರೈಲ್ವೆ ಅದನ್ನೇ ಒಪ್ಪಿಕೊಳ್ತು, ಫ್ರೆಂಚ್ ರೈಲ್ವೆಯ ಸಲಹೆ ಪಡೀತು. ತಮಾಷೆ ಅಂದ್ರೆ ಅದೇ ವರ್ಷ ಹೌರಾ ಕಡೆ 3,000 ವೋಲ್ಟ್ ಡಿಸಿ ಗಾಡಿ ಓಡೋಕೆ ಶುರುವಾಗಿತ್ತು. ಅದನ್ನ ಆಮೇಲೆ ಬದಲಾಯಿಸಬೇಕಾಯ್ತು. ಬೊಂಬಾಯಿಯ ಹಳೇ ಡಿಸಿ ಪೂರ್ತಿ ಎಸಿ ಆಗೋ ಹೊತ್ತಿಗೆ 2015 ದಾಟ್ತಾ ಬಂದಿತ್ತು. ಒಮ್ಮೆ ಆಯ್ಕೆ ಮಾಡಿದ ವೋಲ್ಟೇಜು ತೊಂಬತ್ತು ವರ್ಷ ಬೆನ್ನು ಬಿಡಲಿಲ್ಲ.

ವಾರಾಣಸಿಯ ದಾರಿ

1960ರ ದಶಕದಲ್ಲಿ ಉಗಿಬಂಡಿಯ ಕಾಲ ಮುಗೀತು ಅನ್ನೋದು ರೈಲ್ವೆಗೆ ಗೊತ್ತಾಗಿತ್ತು. ಪ್ರಶ್ನೆ ಇದ್ದದ್ದು ಮುಂದೇನು ಅನ್ನೋದು. ಸರ್ಕಾರ ಎರಡಕ್ಕೂ ಹೂಂ ಅಂತು. ಪಶ್ಚಿಮ ಬಂಗಾಳದ ಚಿತ್ತರಂಜನ್ ಕಾರ್ಖಾನೆ 1961ರಿಂದ ವಿದ್ಯುತ್ ಎಂಜಿನ್ ಕಟ್ಟೋಕೆ ಶುರು ಮಾಡಿತು. ಅದೇ 1961ರಲ್ಲಿ ವಾರಾಣಸಿಯಲ್ಲಿ ಡೀಸೆಲ್ ಕಾರ್ಖಾನೆ ಸ್ಥಾಪನೆ ಆಯ್ತು. ಅಮೆರಿಕದ ಆಲ್ಕೋ ಕಂಪನಿಯ ತಂತ್ರಜ್ಞಾನ, 1964ರ ಜನವರಿಯಲ್ಲಿ ಮೊದಲ ಎಂಜಿನ್ ಹೊರಬಂತು. 2015ರ ಮಧೇಪುರ-ಮರ್ಹೌರಾ ಕಥೆ ನೋಡಿ ನಗೋ ಮುಂಚೆ ಇದನ್ನ ನೆನಪಿಟ್ಕೊಳ್ಳಿ. ಅದು 1961ರ ಮರುಪ್ರಸಾರ.

ಆದ್ರೆ 1961ರಲ್ಲಿ ಇದು ದಡ್ಡತನ ಆಗಿರಲಿಲ್ಲ. ದೇಶಕ್ಕೆ ವಿದೇಶಿ ವಿನಿಮಯದ ಬರ. ತಾಮ್ರ ಆಮದು ಆಗ್ಬೇಕು. ಹಳ್ಳಿಗಳಿಗೇ ಕರೆಂಟ್ ಇಲ್ಲದಿರೋವಾಗ ರೈಲಿಗೆ ಎಲ್ಲಿಂದ ತರೋದು? ಕಚ್ಚಾತೈಲ ಬ್ಯಾರಲ್‌ಗೆ ಮೂರು ಡಾಲರಿನ ಒಳಗೇ ಸಿಗ್ತಿತ್ತು. ಸಾಗಿಸಬೇಕಾದ ಉಕ್ಕು, ಸಿಮೆಂಟು, ಧಾನ್ಯ ವರ್ಷವರ್ಷಕ್ಕೆ ಹೆಚ್ಚಾಗ್ತಿತ್ತು. ಕಂಬ ನೆಟ್ಟು ತಂತಿ ಎಳೆಯೋವರೆಗೂ ಕಾಯೋಕೆ ಆಗೋದಿಲ್ಲ. ಆ ಹೊತ್ತಿನ ಅಧಿಕಾರಿಯ ಜಾಗದಲ್ಲಿ ಕೂತ್ರೆ ನಾನೂ ಡೀಸೆಲ್ಲಿಗೇ ಸಹಿ ಹಾಕ್ತಿದ್ನೇನೋ.

1973ರ ಅಕ್ಟೋಬರಿನಲ್ಲಿ ಲೆಕ್ಕ ತಲೆಕೆಳಗಾಯ್ತು. ಅರಬ್ ದೇಶಗಳು ಎಣ್ಣೆ ನಿಲ್ಲಿಸಿದ್ವು. ಕೆಲವೇ ತಿಂಗಳಲ್ಲಿ ಮೂರು ಡಾಲರಿನ ಎಣ್ಣೆ ಹನ್ನೆರಡರ ಹತ್ತಿರ ಬಂತು. ಅಮೆರಿಕದಲ್ಲಿ ಮಿಲ್ವಾಕೀ ರೋಡ್ ಅನ್ನೋ ರೈಲು ಕಂಪನಿ ಇತ್ತು. ಮೊಂಟಾನಾ, ಐಡಹೋ, ವಾಷಿಂಗ್ಟನ್ ಬೆಟ್ಟಗಳ ಮೇಲೆ ಅರವತ್ತು ವರ್ಷದಿಂದ ವಿದ್ಯುತ್ ರೈಲು ಓಡಿಸ್ತಿತ್ತು. ಹಳೇ ತಂತಿ ರಿಪೇರಿ ಯಾಕೆ, ತಾಮ್ರ ಮಾರಿ ಡೀಸೆಲ್ ತರೋಣ ಅಂತ 1973ರ ಶುರುವಿನಲ್ಲಿ ತೀರ್ಮಾನ ಮಾಡಿತು. 1974ರ ಜೂನ್‌ನಲ್ಲಿ ತಂತಿಗೆ ಕರೆಂಟ್ ನಿಂತಿತು, ಎಣ್ಣೆ ಬೆಲೆ ನಾಲ್ಕು ಪಟ್ಟು ಆದಮೇಲೆ! 1977ರಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ದಿವಾಳಿಗೆ ಅದೊಂದೇ ಕಾರಣ ಅಲ್ಲ, ಆದ್ರೆ ನಿರ್ಧಾರ ಕೆಟ್ಟ ಗಳಿಗೆಯಲ್ಲಿ ಆಗೋದು ಅಂದ್ರೆ ಹೀಗೆ.

ನಮ್ಮಲ್ಲಿ ತಾಮ್ರ ಮಾರೋ ಯೋಚನೆ ಬರಲಿಲ್ಲ, ಪುಣ್ಯ. ಮುಖ್ಯ ಮಾರ್ಗಗಳಿಗೆ ಒಂದೊಂದಾಗಿ ತಂತಿ ಎಳೆದ್ರು. 1976ರಲ್ಲಿ ಹೌರಾ-ದೆಹಲಿ ಮುಗೀತು, 1987ರಲ್ಲಿ ವಡೋದರಾ ಮೇಲಿನ ಮುಂಬೈ-ದೆಹಲಿ. ಆದ್ರೆ ಎಣ್ಣೆ ಬಿಕ್ಕಟ್ಟು ಆದ್ಮೇಲೂ ವಾರಾಣಸಿ ಕಾರ್ಖಾನೆ ನಿಲ್ಲಲಿಲ್ಲ, ಅದೇ ಡಬ್ಲ್ಯೂಡಿಎಂ-2 ಎಂಜಿನ್ನನ್ನ 1990ರ ದಶಕದವರೆಗೂ ಕಟ್ಟುತ್ತಾ ಹೋಯಿತು. ಆಲ್ಕೋ ಕಂಪನಿಯೇ 1969ರಲ್ಲಿ ಎಂಜಿನ್ ಕಟ್ಟೋದನ್ನ ಬಿಟ್ಟಿತ್ತು!

ಕರ್ನಾಟಕ ಯಾಕೆ ಡೀಸೆಲ್ ಸೀಮೆ ಆಯ್ತು

ಮುಖ್ಯ ಮಾರ್ಗಗಳಿಗೆ ಮೊದಲು ತಂತಿ ಅಂದ್ರೆ, ಮುಖ್ಯ ಮಾರ್ಗದ ಮೇಲೆ ಇಲ್ಲದವರ ಸರದಿ ಕೊನೆಗೆ. ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈ ಸೇರಿಸೋ ಗೆರೆಗಳನ್ನ ಭೂಪಟದಲ್ಲಿ ಎಳೆದು ನೋಡಿ, ಹೆಚ್ಚಿನ ಕರ್ನಾಟಕ ಆಚೆ ಉಳಿಯುತ್ತೆ. ಸಾಲದ್ದಕ್ಕೆ ನಮ್ಮಲ್ಲಿ ಬಹುಪಾಲು ಮೀಟರ್‌ಗೇಜ್. ಚಳ್ಳಕೆರೆಯ ಜಾಫರ್ ಷರೀಫ್ ರೈಲ್ವೆ ಮಂತ್ರಿ ಆಗಿದ್ದಾಗ 1992ರಲ್ಲಿ ಯೂನಿಗೇಜ್ ಯೋಜನೆ ಬಂತು, ಹಳಿ ಅಗಲ ಆಯ್ತು. ನಮಗೆ ಆಗ ಬೇಕಾಗಿದ್ದೂ ಅದೇ. ಆದ್ರೆ ದುಡ್ಡು ಹಳಿಗೆ ಹೋಯ್ತು, ತಂತಿ ಕಾಯ್ತು. ಅಗಲವಾದ ಹಳಿ ಮೇಲೆ ಡೀಸೆಲ್ ಓಡಿತು.

ಹಾಗಾಗಿ ದೇಶದ ಒಳ್ಳೇ ಡೀಸೆಲ್ ಎಂಜಿನ್ನುಗಳ ತವರು ನಮ್ಮಲ್ಲೇ ಆಯ್ತು. ಅಮೆರಿಕದ ಜನರಲ್ ಮೋಟಾರ್ಸ್ ತಂತ್ರಜ್ಞಾನದ 4,000 ಅಶ್ವಶಕ್ತಿಯ ಹೊಸ ಎಂಜಿನ್ನುಗಳು ಬಂದಾಗ ಮೊದಲು ಮನೆ ಮಾಡಿಕೊಂಡಿದ್ದು ಹುಬ್ಬಳ್ಳಿ ಡೀಸೆಲ್ ಶೆಡ್ಡಿನಲ್ಲಿ. ಬೆಂಗಳೂರಿನ ಕೃಷ್ಣರಾಜಪುರಂ ಶೆಡ್ಡಿಗೂ ಆ ಜಾತಿಯ ಎಂಜಿನ್ ಬಂದವು. ನಮ್ಮೂರು ಬಾಣಾವರದ ಕಡೆ. ಏರಿನಲ್ಲಿ ಗೂಡ್ಸ್ ಗಾಡಿ ಎಳೆಯೋ ಡೀಸೆಲ್ ಎಂಜಿನ್ನಿನ ಗುಡುಗು ಎರಡು ಹೊಲ ಆಚೆಗೂ ಕೇಳ್ತಿತ್ತು. ಸದ್ದಿನ ಮೇಲೇ ದನ ಹೊಡ್ಕೊಂಡು ಹಳಿ ದಾಟ್ತಿದ್ರು. ಈಗ ತಂತಿ ಬಂದಿದೆ. "ಈಗ ಸದ್ದೇ ಕೇಳಲ್ಲ ಕಣೋ ಮಗಾ, ಗಾಡಿ ಪಕ್ಕಕ್ಕೆ ಬಂದ್ಮೇಲೇ ಗೊತ್ತಾಗೋದು" ಅಂತಾರೆ ನಮ್ಮ ದೊಡ್ಡಮ್ಮ. ವಿದ್ಯುದೀಕರಣದ ಯಾವ ವರದಿಯಲ್ಲೂ ಈ ಸಾಲು ಇರೋದಿಲ್ಲ. ಹಳಿ ಪಕ್ಕದ ಊರುಗಳಿಗೆ ಕೆಳಸೇತುವೆಗಳು ಈಗ ಮೊದಲಿಗಿಂತ ಹೆಚ್ಚು ಬೇಕು ಅನ್ನೋದಕ್ಕೆ ಇದೇ ಕಾರಣ.

ಎರಡು ಇಲಾಖೆ, ಎರಡು ಕುದುರೆ

ಇಷ್ಟಕ್ಕೂ ಅರವತ್ತು ವರ್ಷ ಎರಡೂ ಕುದುರೆ ಸಾಕಿದ್ದು ಯಾಕೆ? ಕಾರಣಗಳ ಪಟ್ಟಿಯಲ್ಲಿ ಎಣ್ಣೆ, ತಾಮ್ರ, ದುಡ್ಡು ಎಲ್ಲಾ ಇದೆ. ಆದ್ರೆ ನನ್ನ ಪ್ರಕಾರ ಒಂದು ದೊಡ್ಡ ಕಾರಣ ರೈಲ್ವೆಯ ಕಚೇರಿ ನಕ್ಷೆಯಲ್ಲಿದೆ. ಡೀಸೆಲ್ ಎಂಜಿನ್ ಮೆಕ್ಯಾನಿಕಲ್ ಇಲಾಖೆಯದ್ದಾಗಿತ್ತು. ವಿದ್ಯುತ್ ಎಂಜಿನ್ ಮತ್ತು ತಂತಿ ಎಲೆಕ್ಟ್ರಿಕಲ್ ಇಲಾಖೆಯದ್ದು. ಎರಡಕ್ಕೂ ಬೇರೆ ಬೇರೆ ಅಧಿಕಾರಿ ವರ್ಗ, ಬೇರೆ ಶೆಡ್ಡು, ಬೇರೆ ಬಡ್ತಿ ಸಾಲು, ರೈಲ್ವೆ ಮಂಡಳಿಯಲ್ಲಿ ಬೇರೆ ಬೇರೆ ಸದಸ್ಯರು ಇದ್ರು. ಒಂದು ಮಾರ್ಗಕ್ಕೆ ತಂತಿ ಬಂತು ಅಂದ್ರೆ ಒಂದು ಇಲಾಖೆಯ ಸಾಮ್ರಾಜ್ಯ ಬೆಳೀತು, ಇನ್ನೊಂದರದ್ದು ಕುಗ್ಗಿತು ಅಂತ ಅರ್ಥ. ಇಂಥ ಜಾಗದಲ್ಲಿ ಯಾವುದು ಒಳ್ಳೇದು ಅನ್ನೋ ಪ್ರಶ್ನೆ ಯಾರದ್ದು ಅನ್ನೋ ಪ್ರಶ್ನೆಯಾಗಿ ಬಿಡುತ್ತೆ. ಎರಡೂ ಕಡೆಯವರನ್ನ ಸಮಾಧಾನ ಮಾಡೋಕೆ ಸುಲಭದ ದಾರಿ ಅಂದ್ರೆ ಎರಡಕ್ಕೂ ಒಂದೊಂದು ಕಾರ್ಖಾನೆ.

ದೊಡ್ಡ ಕಂಪನಿಯಲ್ಲಿ ಕೆಲಸ ಮಾಡಿದ ಯಾರಿಗೂ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಎರಡು ತಂಡ ಇದ್ರೆ ಎರಡು ಪ್ಲಾಟ್‌ಫಾರ್ಮ್ ಇರುತ್ತೆ. 2019ರ ಡಿಸೆಂಬರಿನಲ್ಲಿ ಕೇಂದ್ರ ಸಂಪುಟ ರೈಲ್ವೆಯ ಎಂಟು ಸೇವೆಗಳನ್ನ ಒಂದೇ ಸೇವೆಯಾಗಿ ಸೇರಿಸೋಕೆ ಒಪ್ಪಿತು. ಇಲಾಖೆಗಳ ಜಗಳ ಮುಗಿಸೋದೇ ಅದರ ಉದ್ದೇಶ ಅಂತ ಸರ್ಕಾರವೇ ಹೇಳಿಕೊಂಡಿತು. ಆದ್ರೆ ಗಮನಿಸಿ, ತಂತಿಯ ತೀರ್ಮಾನ ಅದಕ್ಕಿಂತ ಒಂದು ವರ್ಷ ಮೊದಲೇ ಆಗಿತ್ತು.

ಆ ತೀರ್ಮಾನಕ್ಕೆ ನೆಲ ಹದ ಮಾಡಿದ್ದು ಬೆಲೆ. 2013ರ ಜನವರಿಯಲ್ಲಿ ಸಗಟು ಖರೀದಿದಾರರಿಗೆ ಡೀಸೆಲ್ ಸಬ್ಸಿಡಿ ನಿಂತಿತು. ರೈಲ್ವೆ ದೇಶದ ಅತಿ ದೊಡ್ಡ ಡೀಸೆಲ್ ಗಿರಾಕಿಗಳಲ್ಲಿ ಒಂದು, ಬಿಸಿ ನೇರವಾಗಿ ತಟ್ಟಿತು. ಅತ್ತ 2015ರ ಹೊತ್ತಿಗೆ ಕೆಲವು ರಾಜ್ಯಗಳಲ್ಲಿ ರೈಲ್ವೆ ವಿದ್ಯುತ್ ಮಂಡಳಿಗಳನ್ನ ಬಿಟ್ಟು ಉತ್ಪಾದಕರಿಂದಲೇ ಅಗ್ಗಕ್ಕೆ ಕರೆಂಟ್ ಕೊಳ್ಳೋಕೆ ಶುರು ಮಾಡಿತು. ತಕ್ಕಡಿ ವಾಲಿತು. 2018ರ ಸೆಪ್ಟೆಂಬರ್ 12ರಂದು ಸಂಪುಟ ಉಳಿದ 13,675 ಕಿಲೋಮೀಟರ್ ಬ್ರಾಡ್‌ಗೇಜ್ ಮಾರ್ಗಕ್ಕೆ 12,134 ಕೋಟಿ ರೂಪಾಯಿ ಖರ್ಚಿನಲ್ಲಿ ತಂತಿ ಎಳೆಯೋಕೆ ಒಪ್ಪಿತು. ಕಿಲೋಮೀಟರಿಗೆ ಸುಮಾರು 89 ಲಕ್ಷ. ವರ್ಷಕ್ಕೆ 13,510 ಕೋಟಿ ಇಂಧನದ ಖರ್ಚು ಉಳಿಯುತ್ತೆ ಅನ್ನೋದು ಸರ್ಕಾರದ ಅಂದಾಜು. ಗಾಡಿ ಓಡಾಟ ಜಾಸ್ತಿ ಇರೋ ಕಡೆ ಮಾತ್ರ ತಂತಿ ಅನ್ನೋ ಹಳೇ ಸೂತ್ರವನ್ನ ಅವತ್ತು ಕೈಬಿಟ್ಟರು. ಪ್ರತಿ ಗಡಿಯಲ್ಲೂ ಎಂಜಿನ್ ಬದಲಾಯಿಸೋ ಸಮಯ, ಎರಡೆರಡು ಬಗೆಯ ಶೆಡ್ಡು, ಎರಡೆರಡು ಬಗೆಯ ಬಿಡಿಭಾಗ, ಈ ಎಲ್ಲಾ ಖರ್ಚೂ ಸೇರಿಸಿದ್ರೆ ಕಮ್ಮಿ ಓಡಾಟದ ಮಾರ್ಗಕ್ಕೂ ತಂತಿ ಹಾಕೋದು ಲಾಭ ಅನ್ನೋದು ಹೊಸ ವಾದ.

ಆಮೇಲಿನ ವೇಗ ನಿಜಕ್ಕೂ ದೊಡ್ಡದು. 1925ರಿಂದ 2014ರವರೆಗೆ ತಂತಿ ಕಂಡಿದ್ದು 21,801 ಕಿಲೋಮೀಟರ್. 2023-24 ಒಂದೇ ವರ್ಷದಲ್ಲಿ 7,188 ಕಿಲೋಮೀಟರ್. ಅಂದ್ರೆ ಎಂಬತ್ತೊಂಬತ್ತು ವರ್ಷದ ಕೆಲಸದ ಮೂರನೇ ಒಂದು ಭಾಗ ಹನ್ನೆರಡು ತಿಂಗಳಲ್ಲಿ. 2022ರಲ್ಲಿ ಕೊಂಕಣ ರೈಲ್ವೆ ಪೂರ್ತಿ ವಿದ್ಯುತ್ ಆಯ್ತು. 2025ರ ಹೊತ್ತಿಗೆ ದೇಶದ ಬ್ರಾಡ್‌ಗೇಜ್ ಹೆಚ್ಚುಕಮ್ಮಿ ಪೂರ್ತಿ ತಂತಿ ಕೆಳಗೆ. ಸುರಂಗದ ಮೇಲೆ ಸುರಂಗ ಇರೋ ನಮ್ಮ ಸಕಲೇಶಪುರ-ಸುಬ್ರಹ್ಮಣ್ಯ ಘಟ್ಟ ಕೊನೇವರೆಗೂ ಉಳಿದ ತುಂಡುಗಳಲ್ಲಿ ಒಂದು. ಡೀಸೆಲ್ ಕಾರ್ಖಾನೆ ಅಂತಲೇ ಹುಟ್ಟಿದ ವಾರಾಣಸಿ ಕೂಡ ವಿದ್ಯುತ್ ಎಂಜಿನ್ ಕಟ್ಟೋಕೆ ತಿರುಗಿಕೊಳ್ತು. 2020ರಲ್ಲಿ ಅದರ ಹೆಸರಿನಿಂದ ಡೀಸೆಲ್ ಅನ್ನೋ ಪದವೂ ಹೋಯ್ತು, ಈಗದು ಬನಾರಸ್ ಲೋಕೋಮೋಟಿವ್ ವರ್ಕ್ಸ್.

ಹಾಗಾದ್ರೆ ಡೀಸೆಲ್ ಪಕ್ಷದವರ ವಾದ ಸುಳ್ಳಾ?

ಅಲ್ಲ. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತದ ಗ್ರಿಡ್ ಕುಸಿದಾಗ ನೂರಾರು ರೈಲುಗಳು ಇದ್ದಲ್ಲೇ ನಿಂತವು. ಯುದ್ಧ, ಚಂಡಮಾರುತ, ಪ್ರವಾಹ, ಏನೇ ಬರಲಿ, ತಂತಿ ಹರಿದ್ರೆ ವಿದ್ಯುತ್ ಎಂಜಿನ್ನು ನೂರಿಪ್ಪತ್ತು ಟನ್ನಿನ ಕಬ್ಬಿಣದ ಪೆಟ್ಟಿಗೆ ಅಷ್ಟೇ. ಅದಕ್ಕೇ ರೈಲ್ವೆ ಇವತ್ತಿಗೂ ಒಂದಷ್ಟು ಡೀಸೆಲ್ ಎಂಜಿನ್ ಕೈಲಿಟ್ಟುಕೊಂಡಿದೆ. ಇನ್ನೊಂದು ವಾದ ಇನ್ನೂ ಗಟ್ಟಿ. ನಮ್ಮ ದೇಶದ ವಿದ್ಯುತ್ತಿನ ಬಹುಪಾಲು ಇವತ್ತಿಗೂ ಕಲ್ಲಿದ್ದಲಿನದ್ದು. ಆ ಕಲ್ಲಿದ್ದಲನ್ನ ಪವರ್‌ಹೌಸಿಗೆ ಹೊರೋದೂ ರೈಲೇ. ಹಾಗಾಗಿ ತಂತಿ ಬಂದ ಮಾತ್ರಕ್ಕೆ ಹೊಗೆ ಮಾಯ ಆಗಲಿಲ್ಲ, ಹಳಿ ಪಕ್ಕದಿಂದ ದೂರದ ಚಿಮಣಿಗೆ ಹೋಯ್ತು. ವ್ಯತ್ಯಾಸ ಏನಂದ್ರೆ, ಚಿಮಣಿಯ ಜಾಗದಲ್ಲಿ ನಾಳೆ ಸೋಲಾರ್ ಕೂರಿಸಬಹುದು, ಎಂಜಿನ್ನನ್ನ ಮುಟ್ಟೋದೇ ಬೇಡ. ಓಡ್ತಿರೋ ಡೀಸೆಲ್ ಎಂಜಿನ್ನಿಗೆ ಆ ಅನುಕೂಲ ಇಲ್ಲ. ನನಗೆ ತಂತಿ ಪರ ಇರೋ ವಾದಗಳಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಕಾಣೋದು ಇದೇ.

ಉಳಿದದ್ದು ಆ ಸಾವಿರ ಡೀಸೆಲ್ ಎಂಜಿನ್ನಿನ ಪ್ರಶ್ನೆ. 2025ರ ಜೂನ್‌ನಲ್ಲಿ ಮರ್ಹೌರಾ ಕಾರ್ಖಾನೆಯಿಂದ ಆಫ್ರಿಕಾದ ಗಿನಿ ದೇಶಕ್ಕೆ ಹೊರಟ ಡೀಸೆಲ್ ಎಂಜಿನ್ನಿಗೆ ಪ್ರಧಾನಿ ಹಸಿರು ನಿಶಾನೆ ತೋರಿಸಿದ್ರು. ಅಲ್ಲಿ ಹೊಸ ಕಬ್ಬಿಣದ ಅದಿರಿನ ಗಣಿ ಇದೆ, ಡೀಸೆಲ್ ಬೇಕು. ಕಾರ್ಖಾನೆಗೆ ಕೆಲಸ ಸಿಕ್ತು, ಒಳ್ಳೇದೇ. ಆದ್ರೆ ನಮ್ಮ ಶೆಡ್ಡುಗಳಲ್ಲಿ ವಯಸ್ಸಾಗುವ ಮುಂಚೆಯೇ ಕೆಲಸ ಕಳ್ಕೊಂಡು ನಿಂತ ಡೀಸೆಲ್ ಎಂಜಿನ್ನುಗಳ ಲೆಕ್ಕ ಅಷ್ಟು ಸುಲಭಕ್ಕೆ ಸರಿಹೋಗೋದಿಲ್ಲ. ಆ ದುಡ್ಡು ಹೋಗಿದ್ದು ನಮ್ಮ ಟಿಕೆಟ್ಟಿನಿಂದ, ತೆರಿಗೆಯಿಂದ.

ವಿದ್ಯುದೀಕರಣ ಸರಿಯಾದ ನಿರ್ಧಾರ ಅಂತಲೇ ನಾನು ಹೇಳೋದು. ತಪ್ಪಿದ್ದು ನಿರ್ಧಾರಗಳ ಕ್ರಮ. ಮೊದಲು ದಾರಿ ಯಾವುದು ಅಂತ ತೀರ್ಮಾನಿಸಿ ಆಮೇಲೆ ಎಂಜಿನ್ ಕೊಳ್ಳಬೇಕಿತ್ತು. ಈಗ ಊರೂರಿನ ಬಸ್ಸುಗಳಿಗೂ ಇದೇ ಪ್ರಶ್ನೆ ಬಂದಿದೆ. ಸಿಎನ್‌ಜಿಯೋ, ಬ್ಯಾಟರಿಯೋ, ಹೈಡ್ರೋಜನ್ನೋ ಅಂತ. ಟೆಂಡರ್ ಸುದ್ದಿ ಓದುವಾಗ ಬಸ್ಸಿನ ಬೆಲೆ ಒಂದನ್ನೇ ನೋಡಬೇಡಿ. ಅದು ಎಷ್ಟು ವರ್ಷ ಬಾಳುತ್ತೆ, ಅಷ್ಟು ವರ್ಷ ಅದಕ್ಕೆ ರಸ್ತೆ ಮೇಲೆ ಜಾಗ ಇರುತ್ತಾ, ಇದೇ ವರ್ಷ ಇದೇ ಸರ್ಕಾರ ಬೇರೆ ಯಾವುದಕ್ಕಾದ್ರೂ ಸಹಿ ಹಾಕಿದೆಯಾ, ಈ ಮೂರನ್ನೂ ಕೇಳಿ. 2015ರ ನವೆಂಬರಿನಲ್ಲಿ ರೈಲ್ವೆಯನ್ನ ಇವನ್ನೇ ಯಾರಾದ್ರೂ ಗಟ್ಟಿಯಾಗಿ ಕೇಳಬೇಕಿತ್ತು.